ಪೆಲೆಟ್ ಪುಡಿಯಾದರೂ ಹರಳು ಪುಡಿಯಾಗುವುದಿಲ್ಲ

ಪ್ರಶ್ನೆ: ಝಡ್‌ಎಸ್‌ಎಂ-5 ಜಿಯೋಲೈಟ್ (ಅಣುಗಾತ್ರದ ರಂಧ್ರಗಳಿರುವ ವೇಗವರ್ಧಕ ಹರಳು) ಮೇಲೆ ಹೈಡ್ರೋಕಾರ್ಬನ್ ಆದ 2,2-ಡೈಮೀಥೈಲ್‌ಬ್ಯೂಟೇನ್ ಒಡೆಯುವ ಪ್ರಯೋಗ ಮಾಡುತ್ತಿದ್ದೇನೆ. 450 ಡಿಗ್ರಿ ಸೆಲ್ಸಿಯಸ್‌ವರೆಗೆ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಮೋಲ್‌ಗೆ 120 ಕಿಲೋಜೌಲ್. ಅದರಾಚೆ 75ಕ್ಕೆ ಇಳಿಯುತ್ತದೆ. ವಿಸರಣೆಯ ಅಡ್ಡಿ (ಅಣುಗಳು ರಂಧ್ರದೊಳಗೆ ಸಾಗುವುದೇ ನಿಧಾನವಾಗುವುದು) ಇರಬಹುದೆಂದು ಪೆಲೆಟ್ (ಹರಳಿನ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ) ಅರೆದು ಜರಡಿ ಹಿಡಿದೆ. ಏನೂ ಬದಲಾಗಲಿಲ್ಲ. ಹಾಗಾದರೆ ಅಡ್ಡಿ ಇಲ್ಲವೆಂದೇ ಅರ್ಥವೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇಲ್ಲ. ಅರೆದಾಗ ಚಿಕ್ಕದಾದದ್ದು ಪೆಲೆಟ್ ಮಾತ್ರ. ಅದರೊಳಗಿನ ಹರಳುಗಳು ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣವು. ಅವು ಹಾಗೇ ಉಳಿದಿವೆ. ಹರಳುಗಳ ನಡುವಿನ ಅಗಲವಾದ ಸಂದುಗಳಲ್ಲಿ ತಡೆ ಇಲ್ಲವೆಂಬುದಷ್ಟೇ ನಿಮ್ಮ ಪ್ರಯೋಗದಿಂದ ಗೊತ್ತಾಯಿತು. ಈ ಅಣು ನಿಜಕ್ಕೂ ತಿಣುಕುವುದು ಹರಳಿನೊಳಗೆ: ಕಾಲುವೆಯ ಅಗಲ ಸುಮಾರು 5.5 ಆಂಗ್‌ಸ್ಟ್ರಾಮ್, ಅಣುವಿನದು ಸುಮಾರು 6.2. ಅಣುವೂ ಚೌಕಟ್ಟೂ ಕಂಪಿಸುವುದರಿಂದ ಹೇಗೋ ತೂರಿಹೋಗುತ್ತದೆ.

ತಾಪ ಏರಿದರೆ ವಿಸರಣೆಯೂ ಚುರುಕಾಗಬೇಕಲ್ಲ ಎನ್ನಬಹುದು. ಆಗುತ್ತದೆ, ಆದರೆ ಕ್ರಿಯೆಯಷ್ಟಲ್ಲ. ಅಡ್ಡಿ ಬಲವಾಗಿದ್ದಾಗ ಕಾಣುವ ಸಕ್ರಿಯಣ ಶಕ್ತಿಯು ಕ್ರಿಯೆ ಮತ್ತು ವಿಸರಣೆಗಳ ಶಕ್ತಿಗಳ ಸರಾಸರಿ. ನಿಮ್ಮ ಅಂಕಿಗಳನ್ನೇ ಹಾಕಿದರೆ ವಿಸರಣೆಯ ಪಾಲು 30. (ಅಣು ರಂಧ್ರದ ಗೋಡೆಗೆ ಅಂಟುವ ಉಷ್ಣವೂ ಇದರಲ್ಲಿ ಬೆರೆತಿರುತ್ತದೆ, ಇದನ್ನು ಶುದ್ಧ ವಿಸರಣೆಯದೆಂದು ವರದಿ ಮಾಡಬೇಡಿ.) 450ರಿಂದ 500 ಡಿಗ್ರಿಗೆ ಹೋದಾಗ ಕ್ರಿಯೆಯ ವೇಗಾಂಕ 3.6 ಪಟ್ಟು ಏರಿದರೆ ವಿಸರಣಾಂಕ 1.4 ಪಟ್ಟು ಮಾತ್ರ ಏರುತ್ತದೆ. ಅಳತೆಗೆ ಸಿಗುವ ದರ ಇವೆರಡರ ಗುಣಲಬ್ಧದ ವರ್ಗಮೂಲದಂತೆ, ಸುಮಾರು 2.2 ಪಟ್ಟು. ಅಣುಗಳು ಹರಳಿನ ಹೊರ ಅಂಚಿನಲ್ಲೇ ಒಡೆದುಹೋಗುತ್ತವೆ, ನಡುವಿನ ಆಮ್ಲ ತಾಣಗಳಿಗೆ (ಕ್ರಿಯೆ ನಡೆಯುವ ಜಾಗಗಳಿಗೆ) ಕೆಲಸವೇ ಇರುವುದಿಲ್ಲ.

ಖಚಿತಪಡಿಸಿಕೊಳ್ಳಲು ಸಿಲಿಕಾನ್–ಅಲ್ಯೂಮಿನಿಯಂ ಅನುಪಾತ ಒಂದೇ ಇರುವ, 0.2 ಮತ್ತು 2 ಮೈಕ್ರಾನ್ ಹರಳಿನ ಎರಡು ಮಾದರಿ ತಯಾರಿಸಿ. ಪರಿವರ್ತನೆಯನ್ನು (ಒಡೆದ ಅಣುಗಳ ಪಾಲನ್ನು) ಶೇ. 10ರೊಳಗೆ ಇಟ್ಟು ಒಂದು ಗ್ರಾಂಗೆ ಎಷ್ಟು ದರ ಎಂದು ಹೋಲಿಸಿ. ದರ ಒಂದೇ ಇದ್ದರೆ ಅಡ್ಡಿ ಇಲ್ಲ. ಚಿಕ್ಕ ಹರಳು ಹತ್ತು ಪಟ್ಟಿನ ಹತ್ತಿರ ಮುಂದಿದ್ದರೆ ಎರಡರಲ್ಲೂ ಅಡ್ಡಿ ಬಲವಾಗಿದೆ. ನಡುವೆ ಎಲ್ಲೋ ಬರುವುದೇ ಹೆಚ್ಚು.

ಅದಕ್ಕೂ ಮುನ್ನ ಒಂದು ಪರೀಕ್ಷೆ ತಪ್ಪಿಸಲೇಬೇಡಿ: ಈಗಿನ ಪ್ರಯೋಗದ ಕೊನೆಯಲ್ಲಿ ಮತ್ತೆ 400 ಡಿಗ್ರಿಗೆ ಇಳಿದು ಮೊದಲ ದರ ಮರಳುತ್ತದೆಯೇ ನೋಡಿ. ಮರಳದಿದ್ದರೆ ಕೋಕ್ (ಇಂಗಾಲದ ಕರಿ) ಕಟ್ಟಿ ರಂಧ್ರದ ಬಾಯಿ ಮುಚ್ಚಿದೆ. 450 ಡಿಗ್ರಿಯಾಚೆ ಸಕ್ರಿಯಣ ಶಕ್ತಿ ಇಳಿದಂತೆ ಕಂಡಿದ್ದಕ್ಕೆ ಅದೇ ಕಾರಣವಿರಬಹುದು. ಅದನ್ನು ಗಾಳಿಯಲ್ಲಿ 550 ಡಿಗ್ರಿಗೆ ಸುಡುವಾಗ ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ಅವಸರ ಮಾಡಿದರೆ ಅಲ್ಲಲ್ಲಿ ಕಾವು ಮಿತಿಮೀರುತ್ತದೆ, ಸುಡುವಾಗ ಹುಟ್ಟುವ ನೀರಾವಿ ಅಲ್ಯೂಮಿನಿಯಂ ಅನ್ನು ಚೌಕಟ್ಟಿನಿಂದ ಕಿತ್ತುಹಾಕುತ್ತದೆ. ಆಮೇಲೆ ನೀವು ಅಳೆಯುವುದು ಬೇರೆಯೇ ಜಿಯೋಲೈಟ್.

ಪ್ರಶ್ನೆ: ಹಾಗಿದ್ದರೆ ಚಿಕ್ಕ ಹರಳೇ ಯಾವಾಗಲೂ ಒಳ್ಳೆಯದೇ?
– ಓದುಗರು, ಮಂಗಳೂರು

ಉತ್ತರ: ಟಾಲ್ವೀನ್‌ನಿಂದ ಪ್ಯಾರಾ-ಕ್ಸೈಲೀನ್ ಬೇಕಾದರೆ ದೊಡ್ಡ ಹರಳೇ ಮೇಲು. ಸಮತೋಲನಕ್ಕೆ ಬಿಟ್ಟರೆ ಕ್ಸೈಲೀನ್‌ಗಳ ಮೂರು ರೂಪಗಳಲ್ಲಿ (ಆರ್ಥೋ, ಮೆಟಾ, ಪ್ಯಾರಾ) ಪ್ಯಾರಾ ಪಾಲು ಶೇ. 24ರಷ್ಟೇ. ಝಡ್‌ಎಸ್‌ಎಂ-5ರೊಳಗೆ ಸಪೂರವಾದ ಪ್ಯಾರಾ ಸರಕ್ಕನೆ ಹೊರಬೀಳುತ್ತದೆ, ಆರ್ಥೋ ಮತ್ತು ಮೆಟಾ ಒಳಗೇ ಸಿಕ್ಕಿಕೊಂಡು ಪ್ಯಾರಾ ಆಗಿ ಬದಲಾಗುತ್ತವೆ. ಹೊರಮೈಯ ಆಮ್ಲ ತಾಣಗಳು ಹೊರಬಂದ ಪ್ಯಾರಾವನ್ನು ಮತ್ತೆ ಕೆಡಿಸದಂತೆ ಸಿಲಿಕಾ ಲೇಪ ಕೊಡುವುದೂ ಉಂಟು.