ವಿಡಿಯೊ ನೋಡಿದವರು ಊಟ ಹಾಕ್ತಾರಾ?

ಕಾರಟಗಿಯ ಹಿರಿಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು, ಅಳಿಯ ನೌಕರಿ ಬಿಟ್ಟು ಹಾಯಿದೋಣಿ ಕೊಂಡು ಕಡಲಲ್ಲೇ ಇರುತ್ತಾರಂತೆ. ಯೂಟ್ಯೂಬಿಗೆ ವಿಡಿಯೊ ಹಾಕಿ ಖರ್ಚು ತೂಗಿಸುತ್ತಾರಂತೆ. ದೋಣಿಗಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ನಾಲ್ಕು ಎಕರೆ ಗದ್ದೆ ಮಾರಲು ಕೇಳಿದ್ದಾರೆ. “ವಿಡಿಯೊ ನೋಡಿದವರು ಊಟ ಹಾಕ್ತಾರಾ? ನೀವಾದ್ರೂ ಹೇಳ್ರಿ.”

ಸಂಪಾದಕರ ಉತ್ತರ:

ಯಜಮಾನರೇ, ಹಾಕ್ತಾರೆ. ಮಗಳಿಗೆ ತಲೆ ಕೆಟ್ಟಿದೆ ಎಂದು ನೀವು ತಿಳಿಯಬಾರದು, ಅದಕ್ಕೇ ಇದನ್ನು ಮೊದಲು ಹೇಳಿದೆ. ಆಸ್ಟ್ರೇಲಿಯಾದ ರೈಲಿ ವೈಟ್‌ಲಮ್, ಎಲೇನಾ ಕರಾಸು ಜೋಡಿ 2014ರಲ್ಲಿ ವಿಡಿಯೊ ಹಾಕಲು ಶುರುಮಾಡಿ, ಅದರಿಂದಲೇ ಕಡಲ ಸಂಸಾರ ನಡೆಸಿತು. ಆದರೆ ಅವರ ಮೊದಲ ದೋಣಿ ವಿಡಿಯೊದ ದುಡ್ಡಿನದಲ್ಲ, ಹೊಲ ಮಾರಿದ ದುಡ್ಡಿನದೂ ಅಲ್ಲ. ರೈಲಿ ತೈಲಬಾವಿಗಳಲ್ಲಿ ದುಡಿದು ಉಳಿಸಿದ ಹಣದಲ್ಲಿ ಇಟಲಿಯಲ್ಲಿ ಕೊಂಡದ್ದು.

ಈಗ ಲೆಕ್ಕಕ್ಕೆ ಬರೋಣ. ಜಾಹೀರಾತಿನಲ್ಲಿ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರುಗಳು ಬೇಕು, ಜೊತೆಗೆ ಹನ್ನೆರಡು ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. (ಸಬ್‌ಸ್ಕ್ರೈಬರ್ ಅಂದರೆ ಕಾಸು ಕೊಟ್ಟವರಲ್ಲ, ಗುಂಡಿ ಒತ್ತಿದವರು.) ಅದಾದ ಮೇಲೆ ಉದ್ದನೆಯ ವಿಡಿಯೊದ ಜಾಹೀರಾತಿನಿಂದ ಬಂದದ್ದರಲ್ಲಿ ನೂರಕ್ಕೆ 55 ಅವರಿಗೆ. ಈ ದುಡ್ಡು ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಇಂಥ ದೋಣಿಗಳ ಖರ್ಚು ತೂಗಿಸುವುದು ಬೇರೆಯೇ ಹಣ. 2013ರಲ್ಲಿ ಶುರುವಾದ ಪೇಟ್ರಿಯಾನ್‌ನಂಥ ವ್ಯವಸ್ಥೆಯಲ್ಲಿ ನೋಡುವವರೇ ತಿಂಗಳಿಗಿಷ್ಟು ಎಂದು ಕಟ್ಟುತ್ತಾರೆ.

ಅಂದರೆ ಚಂದಾ. ಇದು ನನಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮನಿ ಆರ್ಡರ್ ಕಾಲದಲ್ಲಿ ಚೀಟಿಯ ತುದಿಯಲ್ಲಿ ಎರಡು ಸಾಲು ಬರೆಯುವಷ್ಟು ಜಾಗ ಇರುತ್ತಿತ್ತು. “ಈ ಸಲ ಮಳಿ ಇಲ್ಲ, ಅರ್ಧ ಚಂದಾ ಕಳಿಸೀನಿ, ಪತ್ರಿಕೆ ನಿಲ್ಲಿಸಬ್ಯಾಡ್ರಿ” ಎಂದು ಒಬ್ಬರು ಬರೆದಿದ್ದರು. ಆ ತುಂಡನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಹಾಗೆ ಕಳಿಸಿದವರಿಗೆ ಸಂಚಿಕೆ ತಪ್ಪಿಸಲು ಮನಸ್ಸು ಬರುವುದಿಲ್ಲ. ನಿಮ್ಮ ಮಗಳಿಗೂ ಅಷ್ಟೇ. ಎಂಜಿನ್ ಕೆಡಲಿ, ಜ್ವರ ಬರಲಿ, ಗಂಡನ ಜೊತೆ ಮಾತು ಬಿಟ್ಟಿರಲಿ, ವಾರದ ವಿಡಿಯೊ ಹೋಗಲೇಬೇಕು. ಅವರ ಕಸುಬು ವಿಡಿಯೊ, ಕಡಲು ಅವರ ಮನೆ. ಇದು ಅವರಿಗೆ ಹೊರಡುವ ಮೊದಲೇ ತಿಳಿದಿರಬೇಕು.

ದೋಣಿಯೂ ಸುಮ್ಮನಿರುವುದಿಲ್ಲ. ಆನೆಗುಂದಿಯ ದಡದಲ್ಲಿ ಹರಿಗೋಲು ಬೋರಲು ಹಾಕಿ, ಬಿದಿರ ಹೆಣಿಗೆಯ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಗೆ ಬಿಸಿ ಡಾಂಬರು ಬಳಿಯುವುದನ್ನು ನೀವು ನೋಡಿರುತ್ತೀರಿ. ಅಂಬಿಗರು ಬೆರಳಲ್ಲಿ ಒತ್ತಿ ಒತ್ತಿ ಬಿರುಕು ಹುಡುಕುತ್ತಾರೆ. ಸಿಹಿನೀರಿನ ಪುಟ್ಟ ಹರಿಗೋಲಿಗೇ ಅಷ್ಟು ಆರೈಕೆ. ಉಪ್ಪುನೀರಲ್ಲಿ ತಳಕ್ಕೆ ಚಿಪ್ಪು ಹತ್ತುತ್ತದೆ, ಬಿಸಿಲಿಗೆ ಹಾಯಿ ಜೂಲಾಗುತ್ತದೆ, ಆಗಾಗ ದೋಣಿಯನ್ನು ದಡಕ್ಕೆತ್ತಿ ಬಣ್ಣ ಬಳಿಸಬೇಕು. ಬೆಲೆಯ ಹತ್ತನೇ ಒಂದು ಪಾಲು ವರ್ಷವರ್ಷವೂ ರಿಪೇರಿಗೆ ಹೋಗುತ್ತದೆ ಎಂಬುದು ದೋಣಿಯವರ ವಾಡಿಕೆ ಲೆಕ್ಕ.

ಪ್ರಾಣದ ಭಯವನ್ನೂ ಬರೆದಿದ್ದೀರಿ. 2019ರ ನವೆಂಬರಿನಲ್ಲಿ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಅವರನ್ನು ಅಮೆರಿಕದಿಂದ ಲಿಸ್ಬನ್ನಿಗೆ ದಾಟಿಸಿದ್ದು ಇದೇ ರೈಲಿ, ಎಲೇನಾ. ಸುಮಾರು ಮೂರು ವಾರದ ದಾರಿ, ಜೊತೆಗೆ ಅವರ ಎಳೆಗೂಸು. ಅಷ್ಟು ಪಳಗಿದವರೂ ಆ ಚಳಿಗಾಲದ ಅಟ್ಲಾಂಟಿಕ್‌ಗೆ ನಿಕ್ಕಿ ಹೆಂಡರ್ಸನ್ ಎಂಬ ವೃತ್ತಿಪರ ನಾವಿಕಳನ್ನು ಜೊತೆಗೆ ಕರೆದುಕೊಂಡರು. ನಮ್ಮ ನೌಕಾಪಡೆಯ ದಿಲ್ನಾ, ರೂಪಾ ಇಬ್ಬರೇ ‘ತಾರಿಣಿ’ ಹಾಯಿದೋಣಿಯಲ್ಲಿ 2024ರ ಅಕ್ಟೋಬರಿನಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ 2025ರ ಮೇನಲ್ಲಿ ಮರಳಿದರು. ಅದಕ್ಕೆ ಮೊದಲು ವರ್ಷಗಟ್ಟಲೆ ತರಬೇತಿ ಪಡೆದಿದ್ದರು.

ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಿ ನೋಡಿ. ರಜೆಗಳಲ್ಲಿ ಗೋವಾಕ್ಕೆ ಹೋಗಿ ಹಾಯಿ ಕಟ್ಟಲು ಕಲಿಯಲಿ. ನೌಕರಿಯಲ್ಲಿದ್ದುಕೊಂಡೇ ಒಂದು ವರ್ಷ, ವಾರಕ್ಕೊಂದರಂತೆ, ತುಂಗಭದ್ರೆಯ ವಿಡಿಯೊ ಮಾಡಲಿ: ಅಂಬಿಗರು, ಮೀನುಗಾರರು, ಡ್ಯಾಮಿನ ಹಿನ್ನೀರು. ಕನ್ನಡದಲ್ಲೇ ಮಾಡಲಿ. ಐವತ್ತು ವಾರ ತಪ್ಪದೆ ಬಂದರೆ, ಚಂದಾ ಕಟ್ಟುವವರು ನೂರು ಮಂದಿ ಸಿಕ್ಕರೆ, ದೋಣಿಯ ಮಾತು ಆಗ ಆಡೋಣ. ಗದ್ದೆಯ ಪಹಣಿ ಅಲ್ಲಿಯವರೆಗೆ ಟ್ರಂಕಿನಲ್ಲೇ ಇರಲಿ.

ಮೊದಲ ವಿಡಿಯೊ ಬಂದ ದಿನ ನನಗೊಂದು ಕಾಗದ ಹಾಕಿ. ಆ ನೂರರಲ್ಲಿ ಒಂದು ಚಂದಾ ನನ್ನದು.