ಗೇಮ್ ಕಟ್ಟೆ: ಎಂಟು ಗಂಟೆ ಬಸ್ ಓಡಿಸಿದರೆ ಒಂದೇ ಪಾಯಿಂಟ್!

ಪ್ರಶ್ನೆ: ನಾನು ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು. ಖಾಲಿ ರಸ್ತೆಯಲ್ಲಿ ಎಂಟು ಗಂಟೆ ಬಸ್ ಓಡಿಸುವ ವಿಡಿಯೋ ಗೇಮ್ ಇದೆ ಅಂತ ಮೊಮ್ಮಗ ಹೇಳುತ್ತಾನೆ. ನಿಜವೋ, ಸುಮ್ನೆ ರೇಗಿಸುತ್ತಿದ್ದಾನೋ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ ಸಾರ್. ಹೆಸರು ‘ಡೆಸರ್ಟ್ ಬಸ್’. ಅಮೆರಿಕದ ಟೂಸಾನ್‌ನಿಂದ ಲಾಸ್ ವೇಗಸ್‌ಗೆ ಹೋಗಬೇಕು. ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ. ದಾಟುವ ಹಾಗಿಲ್ಲ. ಎದುರಿಗೆ ಗಾಡಿ ಇಲ್ಲ, ಒಳಗೆ ಪ್ಯಾಸೆಂಜರ್ ಇಲ್ಲ. ನಡುವೆ ನಿಲ್ಲಿಸಿ ಟೀ ಕುಡಿದು ಬರೋಣವೆಂದರೆ ಅದಕ್ಕೂ ಅವಕಾಶವಿಲ್ಲ. ಬಟನ್‌ಗೆ ಟೇಪ್ ಅಂಟಿಸಿ ಎದ್ದು ಹೋಗೋಣವೆಂದರೆ ಬಸ್ ಬಲಕ್ಕೆ ಎಳೆಯುತ್ತದೆ! ಅಂಥ ಗಾಡಿ ನಿಮ್ಮ ಡಿಪೋದಲ್ಲೂ ಇದ್ದಿರಬೇಕು, ಅಲ್ವಾ? ರಸ್ತೆ ಬಿಟ್ಟು ಮರಳಿಗೆ ಇಳಿದರೆ ಇಂಜಿನ್ ಆಫ್. ವಾಪಸ್ ಟೂಸಾನ್‌ಗೆ ಎಳೆದುಕೊಂಡು ಹೋಗುತ್ತಾರೆ. ಅದನ್ನೂ ಪೂರ್ತಿ ಕೂತು ನೋಡಬೇಕು. ಊರು ಮುಟ್ಟಿದರೆ ಒಂದು ಪಾಯಿಂಟ್.

ಇದು ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರ ಜೋಡಿಯ ಕಿತಾಪತಿ. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಡಿಯೋ ಗೇಮ್‌ಗಳ ಹಿಂಸೆ ಕುರಿತು ವಿಚಾರಣೆ ನಡೆದಿತ್ತು. ಗೇಮ್ ಅಂದರೆ ಮಕ್ಕಳು ಕೆಟ್ಟರು ಅನ್ನುವ ಗಲಾಟೆಯ ಕಾಲ. ಹೊಡೆದಾಟ ಬೇಡವೇ, ತಗೊಳ್ಳಿ ನಿಜ ಜೀವನ ಅನ್ನುವುದು ಇವರ ಧಾಟಿ. ಸೆಗಾ ಸಿಡಿ ಎಂಬ ಗೇಮ್ ಸಾಧನಕ್ಕಾಗಿ ಮಾಡಿದ ಈ ಗೇಮ್ 1995ರಲ್ಲಿ ಬರಬೇಕಿತ್ತು. ಪ್ರಕಾಶಕರು ಬಾಗಿಲು ಮುಚ್ಚಿದ್ದರಿಂದ ಅಂಗಡಿ ಮುಟ್ಟಲೇ ಇಲ್ಲ. ವರ್ಷಗಳ ನಂತರ ಒಂದು ಪ್ರತಿ ಇಂಟರ್‌ನೆಟ್‌ಗೆ ಬಂತು.

ನಾನೂ ಕೂತು ನೋಡಿದೆ. ಅರ್ಧ ದಾರಿಗೂ ಮೊದಲೇ ಎದ್ದೆ. ಆದರೆ ಕೆನಡಾದ ‘ಲೋಡಿಂಗ್ ರೆಡಿ ರನ್’ ಎಂಬ ಹಾಸ್ಯ ತಂಡ 2007ರಿಂದ ಪ್ರತಿವರ್ಷ ಪಾಳಿಯ ಮೇಲೆ ಇದನ್ನು ಆಡುತ್ತಿದೆ. ಜನ ದುಡ್ಡು ಕೊಟ್ಟಷ್ಟೂ ಬಸ್ ಓಡಬೇಕು. ಹೀಗೆ ಸೇರಿದ ಹತ್ತಾರು ಲಕ್ಷ ಡಾಲರ್ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ, ಗೇಮ್ ಕೊಡಿಸುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ ಹೋಗಿದೆ. 2017ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಉಚಿತ ವಿಆರ್ (ಕಣ್ಣಿಗೆ ಕನ್ನಡಕದಂಥ ಸಾಧನ ಕಟ್ಟಿಕೊಂಡು ಆಡುವ) ಆವೃತ್ತಿಯೂ ಬಂತು. ಮೊಮ್ಮಗನನ್ನೇ ಡ್ರೈವರ್ ಸೀಟಿಗೆ ಕೂರಿಸಿ. ನಿಮಗೆ ಈ ಡ್ಯೂಟಿ ಆಗಿಹೋಗಿದೆ.

ಪ್ರಶ್ನೆ: ಗೆಲುವು, ಸೋಲು ಇಲ್ಲದ್ದು ಗೇಮೇ ಅಲ್ಲ ಅಂತ ನನ್ನ ಗೆಳೆಯರು ವಾದಿಸುತ್ತಾರೆ. ಅವರ ಬಾಯಿ ಮುಚ್ಚಿಸುವಂಥದ್ದು ಯಾವುದಾದರೂ ಇದೆಯಾ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬಾಯಿ ಮುಚ್ಚಿಸುವ ಭರವಸೆ ಕೊಡಲಾರೆ. ಆದರೆ ಬೆಲ್ಜಿಯಂನ ‘ಟೇಲ್ ಆಫ್ ಟೇಲ್ಸ್’ ಎಂಬ ಜೋಡಿ 2008ರಲ್ಲಿ ಮಾಡಿದ ‘ದಿ ಗ್ರೇವ್‌ಯಾರ್ಡ್’ ತೋರಿಸಿ. ಒಬ್ಬ ಅಜ್ಜಿ ಕೋಲೂರಿಕೊಂಡು ಸ್ಮಶಾನದೊಳಗೆ ನಡೆಯುತ್ತಾಳೆ. ಕುಂಟುತ್ತಾಳೆ, ಅವಸರ ಮಾಡಿಸಲು ಆಗುವುದಿಲ್ಲ. ಬೆಂಚಿನ ಮೇಲೆ ಕೂರುತ್ತಾಳೆ, ಒಂದು ಹಾಡು ಬರುತ್ತದೆ, ಎದ್ದು ವಾಪಸ್. ಅಷ್ಟೇ. ಉಚಿತ ಮಾದರಿಯಲ್ಲೂ ಇಷ್ಟೆಲ್ಲ ಇದೆ. ದುಡ್ಡು ಕೊಟ್ಟರೆ ಜಾಸ್ತಿ ಸಿಗುವುದು ಒಂದೇ: ಅಜ್ಜಿ ಯಾವಾಗ ಬೇಕಾದರೂ ಸಾಯಬಹುದು.

ದುಡ್ಡು ಕೀಳುವ ಉಪಾಯ ಅಂತ ಬೈದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಅದೇ ದಾರಿ, ಅದೇ ಬೆಂಚು, ಆದರೆ ಎರಡನೆಯದರಲ್ಲಿ ಅಜ್ಜಿಯ ಒಂದೊಂದು ಹೆಜ್ಜೆಗೂ ನಮ್ಮ ಜೀವ ಹೊಡೆದುಕೊಳ್ಳುತ್ತದೆ. ಗೆಳೆಯರಿಗೆ ಮೊದಲು ಉಚಿತದ್ದು ಕೊಡಿ, ಆಮೇಲೆ ಕೊಂಡದ್ದು. ವಾದ ಅಲ್ಲಿಂದ ಶುರುವಾಗಲಿ.