ಓದುಗರ ಪ್ರಶ್ನೆ: ಯಾವ ಫ್ರೇಮ್ ಉಳಿಸಬೇಕು, ಯಾವುದನ್ನು ಕೈಬಿಡಬೇಕು?

ಪ್ರಶ್ನೆ: ಮಂಕಾದ ನೀಹಾರಿಕೆಯೊಂದನ್ನು ತಲಾ 2 ನಿಮಿಷದ 100 ಎಕ್ಸ್‌ಪೋಷರ್‌ಗಳಲ್ಲಿ ಸೆರೆಹಿಡಿದಿದ್ದೇನೆ. ಕೆಲವು ಫ್ರೇಮ್‌ಗಳಲ್ಲಿ ನಕ್ಷತ್ರಗಳು ಉದ್ದವಾಗಿವೆ, ಕೆಲವುಗಳಲ್ಲಿ ಉಪಗ್ರಹದ ಗೆರೆಯಿದೆ, ಇನ್ನು ಕೆಲವು ಮಬ್ಬಾಗಿವೆ. ಸ್ಟ್ಯಾಕ್ ಮಾಡುವ (ಎಲ್ಲ ಫ್ರೇಮ್‌ಗಳನ್ನು ಒಂದೇ ಚಿತ್ರವಾಗಿ ಸೇರಿಸುವ) ಮುನ್ನ ಶೇ 20ರಷ್ಟನ್ನು ತೆಗೆದುಹಾಕಿದರೆ ಸಾಕೇ?

ಉತ್ತರ: ಶೇಕಡಾವಾರು ಲೆಕ್ಕ ಹಿಡಿದು ಹೊರಡುವುದಕ್ಕಿಂತ ದೋಷ ಎಂಥದ್ದೆಂದು ನೋಡಿ ತೀರ್ಮಾನಿಸುವುದು ಮೇಲು. ಉಪಗ್ರಹದ ಗೆರೆಯಿರುವ ಫ್ರೇಮ್‌ಗಳನ್ನು ಧಾರಾಳವಾಗಿ ಉಳಿಸಿಕೊಳ್ಳಿ. ಗೆರೆ ಬಿದ್ದ ಪಿಕ್ಸೆಲ್ ಉಳಿದೆಲ್ಲ ಫ್ರೇಮ್‌ಗಳ ಅದೇ ಪಿಕ್ಸೆಲ್‌ಗಿಂತ ತೀರಾ ಭಿನ್ನವಾಗಿರುವುದರಿಂದ, ಇಷ್ಟು ಫ್ರೇಮ್‌ಗಳಿರುವಾಗ ಸಿಗ್ಮಾ ಕ್ಲಿಪ್ಪಿಂಗ್ (ಸರಾಸರಿಯಿಂದ ತೀರಾ ದೂರವಿರುವ ಪಿಕ್ಸೆಲ್‌ಗಳನ್ನು ಕೈಬಿಡುವ ವಿಧಾನ) ಅದನ್ನು ಸುಲಭವಾಗಿ ಹೊರಗಿಡುತ್ತದೆ. ಉದ್ದವಾದ ನಕ್ಷತ್ರಗಳ ವಿಷಯ ಹಾಗಲ್ಲ. ಗಾಳಿಯಿಂದಲೋ ಆಕಾಶದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ತಪ್ಪಿದ್ದರಿಂದಲೋ ಹಿಗ್ಗಿದ ನಕ್ಷತ್ರ ಅಂತಿಮ ಚಿತ್ರದ ನಕ್ಷತ್ರವನ್ನೂ ಹಿಗ್ಗಿಸುತ್ತದೆ. ಆದರೆ ಮೂಲೆಗಳಲ್ಲಿ ಮಾತ್ರ, ಅದೂ ಎಲ್ಲ ಫ್ರೇಮ್‌ಗಳಲ್ಲಿಯೂ ಉದ್ದವಾಗಿದ್ದರೆ, ಅದು ದೃಗ್ವ್ಯವಸ್ಥೆಯ (ಮಸೂರ, ದರ್ಪಣಗಳ) ಅಥವಾ ಸೆನ್ಸರ್ ಓರೆಯಾಗಿರುವುದರ ದೋಷ. ಫ್ರೇಮ್‌ಗಳನ್ನು ಸೋಸುವುದರಿಂದ ಅದು ಹೋಗದು.

ಮೊದಲು ಎಲ್ಲ ಫ್ರೇಮ್‌ಗಳನ್ನೂ ಒಂದರ ಹಿಂದೊಂದರಂತೆ ವೇಗವಾಗಿ ಓಡಿಸಿ ನೋಡಿ. ಆಗ ಎಲ್ಲಕ್ಕೂ ಒಂದೇ ಪ್ರಮಾಣದ ಸ್ಟ್ರೆಚ್ (ಮಸುಕು ಭಾಗ ಕಾಣುವಂತೆ ಹೊಳಪನ್ನು ಹಿಗ್ಗಿಸುವುದು) ಇರಬೇಕು. ಪ್ರತಿ ಫ್ರೇಮ್ ಬೇರೆಬೇರೆಯಾಗಿ ತಾನೇ ಸ್ಟ್ರೆಚ್ ಆಗುತ್ತಿದ್ದರೆ ತೆಳುಮೋಡ ತಂದ ವ್ಯತ್ಯಾಸವೇ ಮರೆಯಾಗಿಬಿಡುತ್ತದೆ. ಆಮೇಲೆ ಸಿರಿಲ್ ಅಥವಾ ಪಿಕ್ಸ್‌ಇನ್‌ಸೈಟ್‌ನಂಥ ತಂತ್ರಾಂಶದಲ್ಲಿ ಅಳತೆಗಳನ್ನು ತೆಗೆಯಿರಿ. ನಕ್ಷತ್ರದ ಹೊಳಪು ಅರ್ಧಕ್ಕಿಳಿಯುವಲ್ಲಿ ಅದರ ಅಗಲವೆಷ್ಟು ಎಂಬುದನ್ನು ಎಫ್‌ಡಬ್ಲ್ಯುಎಚ್‌ಎಂ ಹೇಳುತ್ತದೆ. ರಾತ್ರಿ ಕಳೆದಂತೆ ಅದು ಮೆಲ್ಲಗೆ ಏರುತ್ತಿದ್ದರೆ ತಾಪಮಾನದೊಂದಿಗೆ ಫೋಕಸ್ ಸರಿದಿರಬಹುದು, ಇಲ್ಲವೇ ನೀಹಾರಿಕೆ ದಿಗಂತದತ್ತ ಇಳಿದಿರಬಹುದು. ನಕ್ಷತ್ರ ಎಷ್ಟು ಉದ್ದವಾಗಿದೆ ಎಂಬುದನ್ನು ಎಕ್ಸೆಂಟ್ರಿಸಿಟಿ ಹೇಳುತ್ತದೆ: 0 ಎಂದರೆ ಪರಿಪೂರ್ಣ ವೃತ್ತ, 0.6 ಎಂದರೆ ನಕ್ಷತ್ರದ ಅಗಲ ಉದ್ದದ ಶೇ 80ರಷ್ಟು, ಅದು ಕಣ್ಣಿಗೆ ಹೊಡೆಯುತ್ತದೆ. ನಕ್ಷತ್ರಗಳ ಸಂಖ್ಯೆ ಹಠಾತ್ತನೆ ಕುಸಿದು ಹಿನ್ನೆಲೆಯ ಹೊಳಪು ಏರಿದ್ದರೆ ಮೋಡವೆಂದೇ ತಿಳಿದು ಆ ಫ್ರೇಮ್‌ಗಳನ್ನು ಮುಲಾಜಿಲ್ಲದೆ ಬಿಡಿ. ಈ ಅಂಕಿಗಳನ್ನು ಒಂದೇ ಫಿಲ್ಟರ್‌ನ, ಒಂದೇ ಆಕಾಶಕಾಯದ ಫ್ರೇಮ್‌ಗಳ ನಡುವೆ ಮಾತ್ರ ಹೋಲಿಸಬೇಕು.

ಮಿಕ್ಕ ಫ್ರೇಮ್‌ಗಳನ್ನು ಕೈಬಿಡುವುದರಲ್ಲಿ ಜಿಪುಣತನವೇ ಒಳ್ಳೆಯದು. ಸಮಾನ ಗುಣಮಟ್ಟದ ಫ್ರೇಮ್‌ಗಳಲ್ಲಿ ಸಂಕೇತ (ಆಕಾಶಕಾಯದ ಬೆಳಕು) ಮತ್ತು ನಾಯ್ಸ್‌ಗಳ (ಚಿತ್ರವನ್ನು ಕಾಳುಕಾಳಾಗಿಸುವ ಏರುಪೇರು) ಅನುಪಾತವು ಸಂಖ್ಯೆಯ ವರ್ಗಮೂಲದಂತೆ ಬೆಳೆಯುವುದರಿಂದ 100ರಲ್ಲಿ 20 ಬಿಟ್ಟರೆ ಅದು ಸುಮಾರು ಶೇ 11ರಷ್ಟು ಕುಗ್ಗುತ್ತದೆ, 50 ಬಿಟ್ಟರೆ ಶೇ 29ರಷ್ಟು. ಚಂದ್ರೋದಯದ ನಂತರದ, ನಕ್ಷತ್ರಗಳು ಚೊಕ್ಕವಾಗಿಯೇ ಇರುವ ಫ್ರೇಮ್‌ಗಳನ್ನು ಎಸೆಯುವ ಬದಲು ಕಡಿಮೆ ತೂಕ ಕೊಟ್ಟು ಸೇರಿಸುವುದು ನನಗೆ ಸರಿಯೆನಿಸುತ್ತದೆ. ಬಿಟ್ಟವನ್ನೂ ಅಳಿಸದೆ ಬೇರೆ ಫೋಲ್ಡರ್‌ನಲ್ಲಿಡಿ. ಎರಡು ಬಗೆಯಾಗಿ ಸ್ಟ್ಯಾಕ್ ಮಾಡಿ ಹೋಲಿಸಲು ಬೇಕಾಗುತ್ತವೆ.

ಪ್ರಶ್ನೆ: ಗ್ರಹಗಳನ್ನು ಚಿತ್ರಿಸುವವರು ಶೇ 90ರಷ್ಟು ಫ್ರೇಮ್‌ಗಳನ್ನು ಬಿಡುವುದೂ ಉಂಟಲ್ಲ?

ಉತ್ತರ: ಉಂಟು. ಅವರದು ಕೆಲವೇ ಮಿಲಿಸೆಕೆಂಡ್‌ಗಳ ಸಾವಿರಾರು ಫ್ರೇಮ್‌ಗಳ ವಿಡಿಯೊ. ವಾತಾವರಣ ಕ್ಷಣಕಾಲ ಸ್ತಿಮಿತಗೊಂಡಾಗ ಸಿಕ್ಕ ಫ್ರೇಮ್ ಉಳಿದವುಗಳಿಗಿಂತ ಬಹಳ ಸ್ಪಷ್ಟವಾಗಿರುತ್ತದೆ, ಗ್ರಹದ ಬೆಳಕಿಗೂ ಕೊರತೆಯಿಲ್ಲ. ನಿಮ್ಮ 2 ನಿಮಿಷದ ಎಕ್ಸ್‌ಪೋಷರ್‌ನಲ್ಲಾದರೋ ಆ ಕಂಪನವೆಲ್ಲ ಆಗಲೇ ಸರಾಸರಿಗೊಂಡಿರುವುದರಿಂದ ಒಂದು ಫ್ರೇಮ್‌ಗೂ ಇನ್ನೊಂದಕ್ಕೂ ಅಷ್ಟು ಅಂತರ ಬರುವುದಿಲ್ಲ. ಅಲ್ಲಿ ಶೇ 90ರಷ್ಟನ್ನು ಬಿಟ್ಟರೆ ನಕ್ಷತ್ರಗಳು ತುಸು ಚೂಪಾಗಬಹುದೇ ಹೊರತು ನೀಹಾರಿಕೆಯ ಮಸುಕು ಅಂಚುಗಳು ನಾಯ್ಸ್‌ನಲ್ಲಿ ಮುಳುಗಿಹೋಗುತ್ತವೆ.